ಮುನ್ನೀ ಬೀ ಒಗೆದ ಎಲಿ

3 ನವೆಂಬರ್ 2025, ಸೋಮವಾರ

ಬರಿ ಅಂದ್ರ ಬರೀಬೇಕಂತ. ಅರವತ್ತೇಳು ವರ್ಷದ ಮುದುಕಿಗೆ ಹೋಮ್‌ವರ್ಕು. ನಾಲ್ಕನೇ ಕ್ಲಾಸಿಗೆ ಶಾಲಿ ಬಿಟ್ಟಾಕಿ ನಾನು. ಆಮೇಲೆ ಬರೆದದ್ದು ಅಂದ್ರ ಹಾಸ್ಟೆಲ್ಲಿನ ಸ್ಟಾಕ್ ಪುಸ್ತಕ. ಅಕ್ಕಿ ಇಷ್ಟು, ಬ್ಯಾಳಿ ಇಷ್ಟು, ಕೆಳಗ ಸೂಗಮ್ಮ ಅಂತ ಸಹಿ. ಈಗ ಮೊಮ್ಮಗಳು ವಿಶಾಖಾ ಇನ್ನೂರು ಪುಟದ ನೋಟ್‌ಬುಕ್ ತಂದು ಮುಂದ ಒಗದಾಳ. "ಯವ್ವಾ, ಇಸ್ಪೀಟ್ ಎಲಿ ಆಡಿದ ದಿನ ಯಾಕ ಹಂಗ ಆಡಿದಿ ಅಂತ ಬರಿ. ಮನಸಿನಾಗ ಏನು ಬಂತು, ಎಲ್ಲಾ ಬರಿ." ಮನಸಿನಾಗ ಬಂದದ್ದು ಬರೆದ್ರ ಕಾಲೇಜಿನವರು ಇಕಿನ್ನ ಹೊರಗ ಹಾಕ್ತಾರ.

ಅಕಿದು ಇಂಜಿನಿಯರಿಂಗ್ ಕಡೀ ವರ್ಷ. ಪೋಕರ್ ಆಡೋ ಕಂಪ್ಯೂಟರ್ ಪ್ರೋಗ್ರಾಂ ಮಾಡಾಕತ್ತಾಳ. ಪೋಕರ್ ಅಂದ್ರ ಹೊರದೇಶದವರ ಎಲಿ ಆಟ, ನಮ್ಮ ಮೂರೆಲಿ ಆಟದ ಅಕ್ಕ ಇದ್ದಂಗ ಅಂತ. ಅಮೆರಿಕದಾಗ ಅಂತಾ ಪ್ರೋಗ್ರಾಂ ಎಂತೆಂತಾ ಆಟಗಾರರನ್ನ ಸೋಲಿಸಿ ಕುಂತಾವಂತ. ಚದುರಂಗದಾಗ ಎಲ್ಲಾ ಕಣ್ಣ ಮುಂದ ಇರತದ. ಎಲಿ ಆಟದಾಗ ಎದುರಿನವರ ಕೈ ಕಾಣಂಗಿಲ್ಲ. ಸುಳ್ಳು ಆಡಬೇಕು, ಸುಳ್ಳು ಹಿಡೀಬೇಕು. ಇಕಿ ತನ್ನ ಪ್ರೋಗ್ರಾಂಗೆ ಮೊದಲು ಮೂರೆಲಿ ಕಲಿಸ್ತಾಳಂತ.

"ಸುಳ್ಳು ಕಲಿಸಾಕ ನಿನ್ನಂತಾಕಿ ಬೇಕು ಯವ್ವಾ" ಅಂದ್ಲು.

ಅದು ಖರೇ. ನನ್ನ ಮುಖ ಬಂಡೆಗಲ್ಲು. ಕೈಯಾಗ ಏನೂ ಇಲ್ಲದಾಗ ಹುಣಸಿ ಬೀಜ ಹಿಡಿಹಿಡಿ ಮುಂದ ತಳ್ಳತೀನಿ. ಇಕಿ ಹತ್ರ ಏನೋ ದೊಡ್ಡದು ಅದ ಅಂತ ಎದುರಿನವರು ಹೆದರಿ ಎಲಿ ಒಗೀತಾರ, ಆಟ ಬಿಟ್ಟುಕೊಡತಾರ. ಬೀಜದ ಗುಂಪಿ ನನ್ನದು. ನಾವು ಆಡೋದು ಬೀಜ ಇಟ್ಟೇ. ರೊಕ್ಕ ಇಟ್ರ ಪೊಲೀಸರ ಕಾಟ.

ನೋಟ್‌ಬುಕ್ಕಿನ ಮುಂದಿನ ಭಾಗ ಅಕಿಗೆ. ಹಿಂದಿನಿಂದ ಬರಿಯೋದು ನನಗ. ಇದನ್ನ ಯಾರೂ ಓದಂಗಿಲ್ಲ.

9 ನವೆಂಬರ್, ಆಯಿತಾರ

ಆಯಿತಾರ ಅಂದ್ರ ನಾನು ರಾಯಚೂರಿಂದ ಮಾನ್ವಿಗೆ. ಆಧಾರ್ ಕಾರ್ಡ್ ತೋರಿಸಿದ್ರ ಬಸ್ಸು ಪುಕ್ಕಟೆ, ಸೀಟು ಮಾತ್ರ ಜಗಳಾಡಿ ತಗೋಬೇಕು. ಇವತ್ತು ವಿಶಾಖಾನೂ ಬಂದಿದ್ಲು.

ಆಟ ಮುನ್ನೀ ಬೀ ಮನಿ ಕಟ್ಟಿ ಮ್ಯಾಲೆ. ಮುನ್ನಿ ನನ್ನ ಗೆಳತಿ. ರಾಯಚೂರಿನ ಗಂಜ್ ಮಾರ್ಕೆಟ್ ಹತ್ರ ಒಂದು ಹತ್ತಿ ಜಿನ್ ಇತ್ತು, ಹತ್ತಿಯಿಂದ ಬೀಜ ಬಿಡಿಸೋ ಗಿರಣಿ, ಅದರಾಗ ಕೂಡಿ ದುಡಿದೋರು ನಾವು. ಈಗ ಮಗಳ ಮನಿಯಾಗ ಇರತಾಳ, ಮೆಣಸಿನಕಾಯಿ ತೊಟ್ಟು ಮುರಿಯೋ ಕೂಲಿ ಮಾಡತಾಳ. ಮೆತ್ತಗಿನ ಹೆಂಗಸು. ಬ್ಯಾರೇರ ಮದುವ್ಯಾಗೂ ಅಳತಾಳ. ಮೂರನೇಯವ ಬಾಜೂ ಮನಿ ಪರಮಣ್ಣ. ಮೊದಲು ಸೈಕಲ್ ಪಂಚರ್ ಹಾಕತಿದ್ದ, ಈಗ ತಾನೇ ಪಂಚರ್ ಆಗ್ಯಾನ.

ವಿಶಾಖಾ ಫೋನ್ ಹಿಡಿದು ಕಾಯಿದೆ ಹೇಳಿದ್ಲು. "ಎಲಿ ಎತ್ತಿದ ಕೂಡಲೆ ಒಬ್ಬೊಬ್ಬರೇ ಈ ಫೋನಿಗೆ ತೋರಿಸ್ರಿ, ಫೋಟೋ ಹಿಡೀತದ. ಆಮೇಲೆ ಬೀಜ ಹಾಕ್ರಿ, ಒಗೀರಿ, ನಿಮ್ಮಿಷ್ಟ."

"ಒಗೆದ ಎಲಿನೂ ಕಾಣತದೇನು?" ಮುನ್ನಿ ಕೇಳಿದ್ಲು.

"ಹೂಂ ನಾನಿ, ಅದೇ ಮುಖ್ಯ."

"ಬ್ಯಾಡ ಮಗಾ. ಒಗೆದ ಎಲಿ ನೋಡೋದು ನಮ್ಮಲ್ಲಿ ಇಲ್ಲ."

ಅದು ಜಿನ್ನಿನ ಕಾಲದಿಂದ ಬಂದ ಪದ್ಧತಿ. ಒಗೆದ ಎಲಿ ಬೋರಲು ಹಾಕಿ ಉಳಿದ ಎಲಿ ಕಟ್ಟಿನ ಕೆಳಗ ತುರುಕಬೇಕು. ಯಾರೂ ತೆರೆದು ನೋಡಬಾರದು, ಏನಿತ್ತು ಅಂತ ಕೇಳಬಾರದು. ಕೇಳಿದ ದಿನ ಜಿನ್ನಿನಾಗ ಜುಟ್ಟು ಜುಟ್ಟು ಹಿಡಿದಾರ ಹೆಂಗಸರು. ಆದ್ರ ನಾ ಬಿಡಲಿಲ್ಲ.

"ನಿನ್ನ ಎಲಿಯಾಗ ಏನು ಬಂಗಾರ ಮುಚ್ಚಿಟ್ಟೀಯೇನು ಬೇ? ಹುಡುಗಿ ಓದಿನ ಕೆಲಸ. ತೋರಿಸು."

"ನೀ ಹೇಳಿದ್ರ ತೋರಿಸ್ತೀನಿ ಸೂಗಿ. ಆದ್ರ ಆ ಫೋಟೋ ನೀ ನೋಡಂಗಿಲ್ಲ. ಕಸಮ್ ಹಾಕು, ಆಣಿ ಮಾಡು."

"ಕಸಮ್. ಆತಾ?"

ಎಂತಾ ಹುಚ್ಚು ಮುದುಕಿ. ಮಷೀನಿನ ಮುಂದ ನಾಚತಾಳ.

16 ನವೆಂಬರ್, ಆಯಿತಾರ

ಗೆದ್ದೆ. ಡಬ್ಬಿ ತುಂಬ ಬೀಜ ನನ್ನ ಮುಂದ. ಪರಮಣ್ಣನ ಮುಖ ಹರಳೆಣ್ಣಿ ಕುಡಿದಂಗ ಆಗಿತ್ತು. ವಿಶಾಖಾ ಫೋನಿನಾಗ ಮುಳುಗಿದ್ಲು, ಅಕಿ ಕೇಳಲಿ ಅಂತ ನೌಕರಿ ಕತಿ ಜೋರಾಗಿ ಹೇಳಿದೆ.

ಅದು ಎಂಬತ್ತಾರನೇ ಇಸ್ವಿ. ದೇವದುರ್ಗದ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ವಾರ್ಡನ್ ಬಾಯಿ ಜಿನ್ನಿಗೆ ಬಂದಿದ್ಲು. ಅಡಗಿಗೆ ಒಬ್ಬಾಕಿ ಬೇಕು, ಮುಂದ ಪರ್ಮನೆಂಟ್ ಆಗತದ, ನಿಮ್ಮಿಬ್ಬರಾಗ ಯಾರು ಬರ್ತೀರಿ ಸಂಜಿಗೆ ಹೇಳ್ರಿ ಅಂದು ಹೋದ್ಲು. ಇಬ್ಬರಿಗೂ ಬೇಕಾಗಿತ್ತು. ನನಗ ಗಂಡ ಸತ್ತಿದ್ದ, ಕಂಕುಳಾಗ ಎರಡು ವರ್ಷದ ಅನಿಲಕುಮಾರ. ಮುನ್ನಿಗೆ ಮೂರು ಮಕ್ಕಳು, ಮನಿಯಾಗ ಕೆಮ್ಮೋ ಗಂಡ. ಊಟದ ಬಿಡುವಿನಾಗ ಹತ್ತಿ ಗಂಟಿನ ಮ್ಯಾಲೆ ಕುಂತು ಮೂರು ಮೂರು ಎಲಿ ಹಂಚಿಕೊಂಡಿವಿ. ಗೆದ್ದಾಕಿ ದೇವದುರ್ಗಕ್ಕ. ನನಗ ಬಂದದ್ದು ಎರಡು, ಐದು, ಒಂಬತ್ತು. ಕಸ. ಇದ್ದಬಿದ್ದ ಬೀಜ ಎಲ್ಲಾ ಮುಂದ ತಳ್ಳಿದೆ. ಮುನ್ನಿ ತನ್ನ ಎಲಿ ನೋಡಿದ್ಲು, ನನ್ನ ಮುಖ ನೋಡಿದ್ಲು, ಎಲಿ ಬೋರಲು ಹಾಕಿ ಕೆಳಗ ತುರುಕಿದ್ಲು.

ಮೂವತ್ತೆರಡು ವರ್ಷದ ನೌಕರಿ, ಪೆನ್ಶನ್, ಮಗ ಗುಂಜಹಳ್ಳಿ ಶಾಲಿಗೆ ಮಾಸ್ತರ ಆದದ್ದು, ಈ ಹುಡುಗಿಯ ಇಂಜಿನಿಯರಿಂಗ್. ಎಲ್ಲಾ ಆ ಎರಡು-ಐದು-ಒಂಬತ್ತರ ಮ್ಯಾಲೆ ನಿಂತದ. ದೇವರ ಮ್ಯಾಲೆ ಅಲ್ಲ, ಯಾರ ಕರುಣೆ ಮ್ಯಾಲೂ ಅಲ್ಲ. ನನ್ನ ಎದಿಗಾರಿಕಿ ಮ್ಯಾಲೆ.

"ಸೂಗಮ್ಮ, ಈ ಕತಿ ನೂರನೇ ಸಲ. ಒಂದು ಹಾರ ತರಸೂಣೇನು?" ಪರಮಣ್ಣ ಅಂದ.

ಮುನ್ನಿ ನಕ್ಕಳು. ಅಕಿ ಈ ಕತಿಗೆ ಯಾವಾಗಲೂ ನಗತಾಳ. "ಇಕಿ ಮುಖ ನೋಡಿ ಹೆದರಿಬಿಟ್ಟೆ ಮಗಾ" ಅಂತ ವಿಶಾಖಾಗ ಹೇಳಿದ್ಲು. ಅಕಿ ಹಂಗ ಅಂದಾಗೆಲ್ಲ ನನಗ ಎದಿ ಉಬ್ಬತದ. ಉಬ್ಬಬಾರದ್ಯಾಕ?

30 ನವೆಂಬರ್, ಆಯಿತಾರ

ಬಸ್ಸು ನೀರಮಾನ್ವಿ ಸ್ಟಾಪಿನಾಗ ಅರ್ಧ ತಾಸು ನಿಂತಿತು. ಗೆದ್ದೆ. ಮುನ್ನಿ ಕೆಮ್ಮಾಕತ್ತಾಳ. ಮೆಣಸಿನಕಾಯಿ ಘಾಟು. ಬಿಸಿನೀರು ಕುಡಿ ಅಂದೆ.

6 ಡಿಸೆಂಬರ್, ಶನಿವಾರ

ಪ್ರೋಗ್ರಾಂ ತಯಾರಾತು. ನಾಲ್ಕು ಆಯಿತಾರದ ಆಟ ಎಲ್ಲಾ ತುಂಬಿ, ನನ್ನಂಗ ಆಡೋದು ಕಲಿಸಿ, ಅದಕ್ಕ ಸೂಗವ್ವ ಅಂತ ಹೆಸರಿಟ್ಟಾಳ. ನಿನ್ನೆ ಕಾಲೇಜಿನಾಗ ಉಳಿದ ಹುಡುಗರ ಪ್ರೋಗ್ರಾಂಗಳ ಜೋಡಿ ಸಾವಿರ ಆಟ ಆಡಿಸಿದ್ರಂತ. ಮಷೀನುಗಳಿಗೆ ಸಾವಿರ ಆಟ ಅಂದ್ರ ಚಹಾ ಕುಡಿಯೋ ಹೊತ್ತು.

ಸೂಗವ್ವ ಕಡೀಕ ಬಂತು. ಎಂಟರಾಗ ಎಂಟನೇದು.

"ಕೈಯಾಗ ಏನೂ ಇಲ್ಲದಾಗ ಬೀಜ ತಳ್ಳತದ, ಯಾರೂ ಹೆದರಂಗಿಲ್ಲ, ಸೋಲತದ" ಅಂದ್ಲು.

"ನಿನಗ ಕಲಿಸಾಕ ಬಂದಿಲ್ಲ. ಅದಕ್ಕ ಮುಖ ಎಲ್ಲಿ ಅದ? ಮುಖ ಇಲ್ಲದ್ದು ಯಾರನ್ನ ಹೆದರಿಸತದ?"

"ಎದುರಿನ ಪ್ರೋಗ್ರಾಂಗೂ ಕಣ್ಣಿಲ್ಲಲ್ಲ ಯವ್ವಾ. ಎಷ್ಟು ಹಾಕಿದ್ರು, ಯಾವಾಗ ಹಾಕಿದ್ರು, ಅಷ್ಟೇ ನೋಡತದ."

ಚಪಾತಿ ಲಟ್ಟಣಿಗಿ ಒಗದೆ. ಅಕಿಗೆ ಬಡಿಲಿಲ್ಲ, ಗ್ವಾಡಿಗೆ ಬಡೀತು.

10 ಡಿಸೆಂಬರ್, ಬುಧವಾರ

ವಿಶಾಖಾ ಬಾಗಿಲು ಹಾಕಿ ಬಂದು ಕುಂತಳು. ಬಾಗಿಲು ಹಾಕಿದ್ಲಂದ್ರ ಏನೋ ಕೆಟ್ಟದ್ದು.

"ಯವ್ವಾ, ಸಿಟ್ಟಾಗಬ್ಯಾಡ. ಮಾನ್ವಿ ಕಟ್ಟಿ ಮ್ಯಾಲೆ ನೀ ಗೆಲ್ಲತಿ, ನಿನ್ನಂಗೇ ಆಡೋ ಪ್ರೋಗ್ರಾಂ ಸೋಲತದ. ಯಾಕಂತ ಹುಡುಕಿದೆ. ನಿನ್ನ ಸುಳ್ಳಿಗೆ ಹೆದರಿ ಒಗೆಯೋರು ಯಾರು ಅಂತ. ಪರಮಣ್ಣ ತಾತ ಕೈಯಾಗ ಚಲೋ ಎಲಿ ಇದ್ರ ಒಗಿಯಂಗೇ ಇಲ್ಲ. ಒಗಿಯೋದು ನಾನಿ ಒಬ್ಬಾಕಿನೇ."

"ಅಕಿ ಹೆದರುಪುಕ್ಕಲಿ. ಮೊದಲಿಂದ."

"ಪರಮಣ್ಣ ತಾತನ ಮುಂದ ಹೆದರಂಗಿಲ್ಲಲ್ಲ. ನಿನಗಿಂತ ದೊಡ್ಡ ಎಲಿ ಇದ್ದಾಗ ನಿನ್ನ ಮುಂದ ನಲವತ್ಮೂರು ಸಲ ಒಗೆದಾಳ. ಅವರ ಮುಂದ ಮೂರು ಸಲ. ಎಕ್ಕಾದ ಜೋಡಿ ಎರಡು ಸಲ ಒಗೆದಾಳ ಯವ್ವಾ. ಒಂದು ಸಲ ಗುಲಾಮ, ರಾಣಿ, ರಾಜಾ, ಸಾಲಿಗೆ ಸಾಲು. ಅಂತಾವು ಹೆದರಿ ಒಗಿಯೋ ಎಲಿ ಅಲ್ಲ."

"ಮಷೀನು ಕೆಟ್ಟದ."

"ಎಣಿಸೋದು ಕೆಡಂಗಿಲ್ಲ."

ಹುಡುಗಿ ಎದ್ದು ಹೋದಮ್ಯಾಲೆ ಕುಂತೇ ಇದ್ದೆ. ಒಲಿ ಮ್ಯಾಲಿನ ಬ್ಯಾಳಿ ತಳ ಹತ್ತಿತು.

11 ಡಿಸೆಂಬರ್, ಗುರುವಾರ

ಕಸಮ್ ಮುರಿದೆ. ವಿಶಾಖಾ ಫೋನ್ ಮನಿಯಾಗ ಮರೆತು ಕಾಲೇಜಿಗೆ ಹೋಗಿದ್ಲು. ಫೋಟೋ ಎಲ್ಲಾ ನೋಡಿದೆ.

ಖರೇ ಅದ. ಎಕ್ಕಾ, ಎಕ್ಕಾ, ನಾಲ್ಕು. ಅವತ್ತು ಇದನ್ನ ಒಗೆದು "ಅಯ್ಯೋ ಇಕಿ ಮುಂದ ನಡಿಯಂಗಿಲ್ಲಪಾ" ಅಂದದ್ದು ನನಗ ನೆನಪದ. ನಾನು ನಕ್ಕಿದ್ದೆ.

ಪ್ರತಿ ಫೋಟೋದಾಗ ಎಲಿ ಹಿಡಿದ ಅಕಿ ಬೆರಳು ಬಂದಾವ. ಉಗುರಿನ ಸುತ್ತ ಕೆಂಪಗ ಸೀಳಿದಾವ. ಎಡಗೈ ಹೆಬ್ಬೆರಳಿಗೆ ಚಿಂದಿ ಸುತ್ತ್ಯಾಳ. ನಾಲ್ಕು ವಾರ ಅದೇ ಚಿಂದಿ. ಎದುರಿಗೇ ಕುಂತಿರ್ತೀನಿ, ನನಗ್ಯಾಕ ಕಂಡಿದ್ದಿಲ್ಲ?

14 ಡಿಸೆಂಬರ್, ಆಯಿತಾರ

ಒಬ್ಬಾಕಿನೇ ಹೋದೆ. ಪರೀಕ್ಷಾ ಮಾಡಿದೆ. ನನ್ನ ಎಲಿ ನೋಡದನ ಬೀಜ ತಳ್ಳಿದೆ. ಮುನ್ನಿ ಒಗೆದ್ಲು. ಮತ್ತ ತಳ್ಳಿದೆ. ಒಗೆದ್ಲು. ಮೂರನೇ ಸಲ ಅಕಿ ಕಣ್ಣು ಎಲ್ಲಿ ಹೋಗತಾವ ಅಂತ ಕಾದೆ. ತನ್ನ ಎಲಿ ಮ್ಯಾಲೆ ಒಂದು ಗಳಿಗಿ ಹೋದ್ವು, ಉಳಿದದ್ದೆಲ್ಲ ನನ್ನ ಮ್ಯಾಲೆ. ಮಗು ಉಂಡಿತೋ ಇಲ್ಲೋ ಅಂತ ನೋಡತಾರಲ್ಲ, ಹಂಗ.

"ಇವತ್ತ್ಯಾಕ ಮಾತಿಲ್ಲ? ಆ ನೌಕರಿ ಕತಿ ಹೇಳಬೇ" ಅಂದ್ಲು.

"ಗಂಟಲು ನೋವು" ಅಂದೆ.

21 ಡಿಸೆಂಬರ್, ಆಯಿತಾರ

ನನಗ ರಾಜಾನ ಜೋಡಿ ಬಂತು, ಮ್ಯಾಲೊಂದು ಎಕ್ಕಾ. ಪರಮಣ್ಣ ಮೊದಲೇ ಒಗೆದಿದ್ದ. ಮುನ್ನಿ ಎರಡು ಬೀಜ ಹಾಕಿದ್ಲು. ನಾನು ಎಲಿ ಬೋರಲು ಹಾಕಿ ಕೆಳಗ ತುರುಕಿದೆ. ಯಾಕ ಒಗೆದೆನೋ ಗೊತ್ತಿಲ್ಲ. ಬಸ್ಸಿನ ಧೂಳಿಗೆ ತಲಿ ಭಾರ ಆಗಿತ್ತು.

ಮುನ್ನಿ ಗುಂಪಿ ಎಳಕೊಳ್ಳಲಿಲ್ಲ. ನನ್ನ ಮುಖ ನೋಡಿದ್ಲು.

"ಏನಿತ್ತು ಸೂಗಿ ನಿನ್ನ ಕೈಯಾಗ?"

"ಒಗೆದ ಎಲಿ ಕೇಳಬಾರದು."

ಪರಮಣ್ಣ "ಇವತ್ತು ಸೂರ್ಯ ಯಾವ ದಿಕ್ಕಿಗೆ ಹುಟ್ಟ್ಯಾನ?" ಅಂದ. ಬೀಜ ಗೆದ್ದಾಕಿ ಮುಖ ಸಣ್ಣ ಮಾಡಿಕೊಂಡು ಕುಂತಿದ್ಲು.

28 ಡಿಸೆಂಬರ್, ಆಯಿತಾರ

ಇವತ್ತು ಕೇಳಿಬಿಟ್ಟೆ. ಒಗ್ಗರಣಿ ಮಂಡಕ್ಕಿ, ಮಿರ್ಚಿ ಮಾಡಿ ತಂದಿಟ್ಟಿದ್ಲು. ಪರಮಣ್ಣ ಇನ್ನೂ ಬಂದಿದ್ದಿಲ್ಲ.

"ಎಕ್ಕಾದ ಜೋಡಿ ಯಾಕ ಒಗೆದಿ?"

ಅಕಿ ಮಂಡಕ್ಕಿ ತಾಟು ಕೆಳಗಿಟ್ಲು. "ಕಸಮ್ ಹಾಕಿದ್ದಿ ನೀನು."

"ಹಾಕಿದ್ದೆ, ಮುರಿದೆ. ನಲವತ್ಮೂರು ಸಲ ಒಗೆದಿ. ಹೇಳು."

"ನಿನಗ ಗೆದ್ರ ಖುಷಿ ಆಗತದ. ನನಗ ಬೀಜ ತಗೊಂಡು ಏನು ಮಾಡೂದದ ಬೇ, ಸಾರಿಗೆ ಹಾಕಲೇನು?"

"ಬೀಜದ ಮಾತು ಬಿಡು. ಜಿನ್ನಿನಾಗ ನೌಕರಿಗೆ ಆಡಿದಾಗ ನಿನ್ನ ಕೈಯಾಗ ಏನಿತ್ತು?"

"ನಲವತ್ತು ವರ್ಷ ಆತು. ಯಾರಿಗೆ ನೆನಪು?"

"ನನಗ ನನ್ನವು ನೆನಪದಾವ."

"ನೀನು ವಾರಕ್ಕೊಮ್ಮೆ ಹೇಳ್ತಿ, ಅದಕ್ಕ ನೆನಪದಾವ. ನಾನು ಯಾರಿಗೂ ಹೇಳಿಲ್ಲ."

ಅಂದ್ರ ಹೇಳೂದು ಇತ್ತು. ಬಾಯಿಗೆ ಬಂದದ್ದು ಅಂದೆ. ಭಿಕ್ಷಾ ಹಾಕಿದಿ ನನಗ, ನಲವತ್ತು ವರ್ಷ ನನ್ನ ಬೆನ್ನ ಹಿಂದ ನಕ್ಕಿ, ನಾನು ಕುಣಿದದ್ದು ನೋಡಿ ಮಜಾ ತಗೊಂಡಿ ಅಂದೆ. ಹಾಸ್ಟೆಲ್ಲಿನ ಅನ್ನಕ್ಕೆಲ್ಲ ನೀನೇ ಒಡತಿ ಅಂತ ತಿಳಕೊಂಡೀಯೇನು ಅಂದೆ. ಓಣಿಯವರು ಹೊರಗ ಬಂದು ನಿಂತ್ರು.

ಅಕಿ ಅಳತಾಳ ಅನ್ಕೊಂಡಿದ್ದೆ. ಅಳಲಿಲ್ಲ. ಎಲಿ ಕಟ್ಟು ಡಬ್ಬಿಗೆ ಹಾಕಿ ಮುಚ್ಚಿದ್ಲು.

"ಚುಪ್, ಸೂಗಿ. ಸೋತಾಕಿ ನಾನು. ನಿನಗ್ಯಾಕ ಇಷ್ಟು ಸಂಕಟ? ಅವತ್ತು ನಿನ್ನ ಮುಖ ನೋಡಿದೆ, ಒಗೆದೆ. ಅಷ್ಟೇ. ಉಣ್ಣೂದಿದ್ರ ಉಣ್ಣು, ಇಲ್ಲಂದ್ರ ಬಸ್ಸು ಅದ."

ಬಸ್ಸು ಹತ್ತಿದೆ.

4 ಜನವರಿ 2026, ಆಯಿತಾರ

ಹೋಗಲಿಲ್ಲ. ಹೊಸ ವರ್ಷ ಅಂತ. ಯಾರಿಗೆ ಬೇಕಾಗೇದ.

ಸಂಜಿಗೆ ಒಬ್ಬಾಕಿನೇ ಎಲಿ ಹಂಚಿದೆ, ಎರಡು ಕೈ. ಎದುರಿನ ಮೂರು ಎಲಿ ತೆರೆದು ನೋಡಿದೆ. ಮತ್ತ ಹಂಚಿದೆ, ಮತ್ತ ತೆರೆದೆ. ಅನಿಲಕುಮಾರ ಬಂದು "ಏನವ್ವಾ ಇದು?" ಅಂದ. ನಿನ್ನ ಕೆಲಸ ನೋಡು ಅಂದೆ.

8 ಜನವರಿ, ಗುರುವಾರ

ವಿಶಾಖಾನ ಮುಂದ ಕುಂತು ಆ ಮೂರು ಎಲಿ ಕೊಟ್ಟೆ. ಎರಡು, ಐದು, ಒಂಬತ್ತು. ನಿನ್ನ ಮಷೀನಿಗೆ ಕೇಳು, ಎದುರಿನಾಕಿ ಹತ್ರ ಏನಿತ್ತು ಅಂತ.

"ಅದು ಹೇಳಾಕ ಬರಂಗಿಲ್ಲ ಯವ್ವಾ. ನಿನ್ನ ಎಲಿ ಅಷ್ಟು ಸಣ್ಣವು, ನೂರರಾಗ ತೊಂಬತ್ತು ಸಲ ಎದುರಿನವರದು ದೊಡ್ಡದೇ ಇರತದ. ಆದ್ರ ಸ್ವಲ್ಪ ದೊಡ್ಡದಿದ್ರ ಖರೇನೇ ಹೆದರಿ ಒಗೆದಿರಬಹುದು. ಭಾಳ ದೊಡ್ಡದಿತ್ತು ಅಂದ್ರ ಬೇಕಂತಲೇ ಒಗೆದದ್ದು. ಎಲಿ ಯಾವು ಅಂತ ಗೊತ್ತಾಗದ ಯಾವ ಪ್ರೋಗ್ರಾಮೂ ಹೇಳಂಗಿಲ್ಲ."

"ಅಮೆರಿಕದ್ದು?"

"ಅಮೆರಿಕದ್ದೂ ಹೇಳಂಗಿಲ್ಲ." ಆಮೇಲೆ ನನ್ನ ಕೈ ಹಿಡಿದು "ಬಿಡು ಯವ್ವಾ. ನೌಕರಿ ನೀನೇ ಮಾಡಿದಿ. ಐವತ್ತು ಹುಡುಗ್ಯಾರಿಗೆ ರೊಟ್ಟಿ ಬಡಿದಾಕಿ ನೀನು, ನಾನಿ ಅಲ್ಲ" ಅಂದ್ಲು.

ಹುಡುಗಿಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಇಲ್ಲಿ ಬರೀತೀನಿ, ಇದನ್ನ ಓದೋರು ಯಾರೂ ಇಲ್ಲ. ಆ ವರ್ಷ ಜಿನ್ನಿನ ಮುಕದ್ದಮ, ಕೂಲಿಯವರ ಮ್ಯಾಲಿನ ಮೇಸ್ತ್ರಿ, ನನ್ನ ಹಿಂದ ಬಿದ್ದಿದ್ದ. ಗಂಡ ಇಲ್ಲದಾಕಿ ಅಂತ. ಎರಡು ಸಲ ಗೋದಾಮಿನ ಬಾಗಿಲು ಹಾಕಿದ್ದ. ಕೈ ಕಚ್ಚಿ ಓಡಿ ಬಂದಿದ್ದೆ. ಮುನ್ನಿಗೂ ಹೇಳಿದ್ದಿಲ್ಲ. ನಗತಾ ಇರತಿದ್ದೆ, ಜೋರು ಮಾತಾಡತಿದ್ದೆ, ಜಗಳ ತೆಗೀತಿದ್ದೆ. ಕಲ್ಲು ಮುಖ ಮಾಡಿಕೊಂಡಿದ್ದೆ. ನನಗ ಆ ನೌಕರಿ ಬೇಕಾಗಿದ್ದು ಪೆನ್ಶನ್ನಿಗೆ ಅಲ್ಲ, ಅಲ್ಲಿಂದ ಓಡಾಕ.

ನಿನ್ನ ಮುಖ ನೋಡಿದೆ, ಒಗೆದೆ ಅಂತಾಳ. ಏನು ಕಂಡಿತು ಅಕಿಗೆ?

ಕಂಡಿದ್ರ ನಾನು ಆಡಿದ ಸುಳ್ಳು ಒಂದೂ ನಡೆದಿಲ್ಲ. ನಾ ದೇವದುರ್ಗದಾಗ ಹುಡುಗ್ಯಾರಿಗೆ ಬಡಿಸಿಕೊಂಡು ಕುಂತಾಗ ಅಕಿ ಅದೇ ಧೂಳಿನಾಗ ಇನ್ನೂ ಇಪ್ಪತ್ತು ವರ್ಷ ಹತ್ತಿ ಹೊತ್ತಳು, ಗಂಡನ್ನ ಮಣ್ಣು ಮಾಡಿದ್ಲು, ಒಬ್ಬ ಮಗನ್ನೂ ಮಣ್ಣು ಮಾಡಿದ್ಲು. ನಾ ಹಬ್ಬಕ್ಕೊಮ್ಮೆ ಹೋಗಿ ಅಕಿ ಮುಂದ ಎದಿ ತಟ್ಟಿಕೊಂಡು ಆ ಕತಿ ಹೇಳತಿದ್ದೆ. ಅಕಿ ನಗತಿದ್ಲು. ಕಂಡಿದ್ದಿಲ್ಲಂದ್ರ, ಹೆದರಿ ಒಗೆದದ್ದಾಗಿದ್ರ, ನಾ ಇದ್ದಂಗೇ ಇರ್ತೀನಿ. ಯಾವುದು ಬೇಕು ನನಗ? ಅದೂ ಗೊತ್ತಾಗವಲ್ದು.

ನೋಟ್‌ಬುಕ್ಕಿನ ಮುಂದಿನ ಭಾಗದಾಗ ವಿಶಾಖಾಗ ಬರೆಯೋದು ಬಿಟ್ಟು ತಿಂಗಳಾತು. ಅಕಿನೂ ಕೇಳಿಲ್ಲ.

11 ಜನವರಿ, ಆಯಿತಾರ

ಮಾನ್ವಿಗೆ ಹೋದೆ. ಮುನ್ನಿ ಓಣಿಗೆ ಹೋಗಲಿಲ್ಲ. ಬಸ್ ಸ್ಟ್ಯಾಂಡಿಗೆ ಪರಮಣ್ಣನ್ನ ಕರೆಸಿ ಒಂದು ಚೀಲ, ಒಂದು ಚೀಟಿ ಕೊಟ್ಟೆ. ಚೀಲದಾಗ ಕೆಮ್ಮಿನ ಔಷಧ, ರಬ್ಬರ್ ಕೈಗವಸು ಎರಡು ಜೋಡಿ, ಮುಲಾಮು. ಅಂಗಡ್ಯಾಗ ಸುಮ್ನ ಕಣ್ಣಿಗೆ ಬಿದ್ದಿದ್ವು, ತಗೊಂಡಿದ್ದೆ.

"ಅಕಿಗೆ ಓದಾಕ ಬರಂಗಿಲ್ಲ, ಅಕಿ ಮುಂದ ನೀನೇ ಓದು. ಓದಿದ್ಮ್ಯಾಲೆ ಬಾಯಿ ಮುಚ್ಚಿಕೊಂಡಿರು" ಅಂದೆ.

"ಎರಡು ವಾರದಿಂದ ಕಟ್ಟಿ ಮ್ಯಾಲೆ ಒಬ್ಬಾಕಿನೇ ಕುಂದರತಾಳ ಸೂಗಮ್ಮ. ಡಬ್ಬಿ ತಗೊಂಡು ಬರತಾಳ, ತೆಗಿಯಂಗಿಲ್ಲ."

"ನಾ ಕೇಳಿದೆನೇನು?"

ಚೀಟಿಯಾಗ ಬರೆದದ್ದನ್ನ ಇಲ್ಲಿ ಇಳಿಸಿಡ್ತೀನಿ, ಹಂಗ ಅಂದಿಲ್ಲ ಅಂತ ಆಮೇಲೆ ನಾನೇ ಅನಬಾರದು.

ಮುನ್ನಿ, ಕಸಮ್ ಮುರಿದಾಕಿ ನಾನು, ತಪ್ಪು ನನ್ನದು. ನೀ ಒಗೆದದ್ದು ನಿನ್ನದು, ಕೇಳಬಾರದು ಅನ್ನೋದು ಗೊತ್ತದ. ಆದ್ರೂ ಕೇಳತೀನಿ. ಹೆದರಿದ್ದೆ ಅಂತ ಸುಳ್ಳು ಹೇಳಬ್ಯಾಡ, ಮರೆತೆ ಅಂತ ಹೇಳಬ್ಯಾಡ, ನಗಬ್ಯಾಡ. ಮುಖದಾಗ ಏನು ಕಂಡಿತ್ತು ಅಂತನೂ ನಾ ಕೇಳಂಗಿಲ್ಲ, ಅದು ನಿನ್ನ ಹತ್ರಾನೇ ಇರಲಿ. ಹತ್ತಿ ಗಂಟಿನ ಮ್ಯಾಲೆ ಕುಂತಾಗ ನಿನ್ನ ಕೈಯಾಗ ಇದ್ದ ಮೂರು ಎಲಿ ಯಾವು? ಪರಮಣ್ಣನ ಕೈಲಿ ಕಾಗದದ ಮ್ಯಾಲೆ ಬರೆಸಿ ಇಡು. ಬರೋ ಆಯಿತಾರ, ಜನವರಿ ಹದಿನೆಂಟಕ್ಕ, ಹನ್ನೊಂದರ ಬಸ್ಸಿಗೆ ಬರ್ತೀನಿ. ಅಷ್ಟರೊಳಗ ಉತ್ತರ ಬರೆದಿಟ್ಟಿರಬೇಕು.